ದಿನಕ್ಕೊಂದು ತುಂಡು

ಅಮ್ಮನನ್ನು ಮೂರನೆಯ ಮಹಡಿಯ ವಾರ್ಡಿನಲ್ಲಿ ಮಲಗಿಸಿ ನೆಲಮಾಳಿಗೆಗೆ ಇಳಿದು ಬಂದಾಗಿನಿಂದ ಅವಳಿಗೆ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತಲೇ ಇತ್ತು. ಒಂದು ಸಲ ತೊಳೆದೂ ಆಗಿತ್ತು, ಸೋಪು ಹಾಕಿ ಉಜ್ಜಿದ್ದೂ ಆಗಿತ್ತು. ಕೈಗೆ ಏನೂ ಅಂಟಿರಲಿಲ್ಲ. ಅಮ್ಮನ ಕಾಲು ಮೊಣಕಾಲಿನ ಕೆಳಗೆ ಕೆಂಪಗೆ ಬಾತುಕೊಂಡು, ಕೀವು ಒಸರಿ ಹೊಳೆಯುತ್ತಿತ್ತು. ಗಾಲಿಕುರ್ಚಿಯಿಂದ ಮಂಚಕ್ಕೆ ದಾಟಿಸುವಾಗ ಅದನ್ನು ಎತ್ತಿ ಹಿಡಿಯಬೇಕಾದವಳು ತಾನು, ಹಿಡಿದಳು ಕೂಡ, ಆದರೆ ಆ ಜ್ವರದ ಬಿಸಿ ಅಂಗೈಗೆ ತಾಗಿದ್ದೇ ತಡ ಕೈ ತಾನಾಗಿ ಹಿಂದಕ್ಕೆ ಸರಿಯಿತು. ಯಾರಿಗೂ ಕಾಣಲಿಲ್ಲ ಅಂದುಕೊಂಡಳು. ಕಾಣದೆ ಏನು, ತಮ್ಮನ ಹೆಂಡತಿ ಮುಂದೆ ಬಂದು, ಆ ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಮಂಚದ ಅಂಚಿಗೆ ಕೂತು ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. ಸೀರೆಗೆ ಕೀವು ತಾಗೀತು ಅನ್ನುವ ಯೋಚನೆಯೂ ಅವಳಿಗಿದ್ದಂತೆ ಕಾಣಲಿಲ್ಲ. ಅಮ್ಮ ಸೊಸೆಯ ಭುಜ ಹಿಡಿದುಕೊಂಡು "ಹಾಂ, ಹಾಗೇ ಇಟ್ಕೋ" ಅಂದಳು. ಹೆತ್ತ ಮಗಳು ಮಂಚದ ಕಾಲಬುಡದಲ್ಲಿ ನಿಂತು, ಏನು ಮಾಡಬೇಕೆಂದು ತೋಚದೆ, ಅಲ್ಲಿಗೆ ಬಂದ ನರ್ಸಿಗೆ ತನ್ನ ಕೊರಳಿನ ಗುರುತಿನ ಚೀಟಿ ಕಾಣುವಂತೆ ತಿರುಗಿ, "ಸಿಸ್ಟರ್, ಇವರು ನಮ್ಮ ತಾಯಿ, ಸ್ವಲ್ಪ ನೋಡ್ಕೊಳ್ಳಿ" ಎಂದಳು. ಆ ಮಾತು ಬಾಯಿಂದ ಬೀಳುವಾಗಲೇ ತನ್ನ ದನಿ ತನಗೇ ಕಚೇರಿಯ ದನಿಯಂತೆ ಕೇಳಿಸಿತು.

ಅದಕ್ಕೇನು ಮಾಡುವುದು, ಅವಳಿಗೆ ಇರುವುದೇ ಆ ದನಿ. ಇಡೀ ಆಸ್ಪತ್ರೆಯಲ್ಲಿ ಅವಳನ್ನು ಬೀಗದಕೈ ಮೇಡಂ ಎಂದೇ ಕರೆಯುವುದು, ಎದುರಿಗಲ್ಲ, ಬೆನ್ನ ಹಿಂದೆ. ರೋಗಿಗಳ ಹೆಸರು, ರಕ್ತ, ಮೂತ್ರ, ಎಲುಬಿನ ಚಿತ್ರ, ಯಾರಿಗೆ ಏನು ಕೊಟ್ಟರು, ಯಾರಿಗೆ ಯಾವುದು ಆಗಿಬರುವುದಿಲ್ಲ, ಎಲ್ಲವೂ ನೆಲಮಾಳಿಗೆಯ ತಣ್ಣನೆಯ ಕೋಣೆಯ ಯಂತ್ರದಲ್ಲಿ. ಆ ಯಂತ್ರದ ಡೇಟಾಬೇಸ್ ಅವಳ ಕೈಯಲ್ಲಿ. ದೊಡ್ಡ ಡಾಕ್ಟರರೂ ಪಾಸ್‌ವರ್ಡ್ ಮರೆತಾಗ ಮಗುವಿನ ಮುಖ ಮಾಡಿಕೊಂಡು ಅವಳ ಮೇಜಿನ ಮುಂದೆ ನಿಲ್ಲುತ್ತಾರೆ, ಅವಳು ತಲೆ ಎತ್ತದೆ "ಬರೆದು ಕಳ್ಸಿ" ಅನ್ನುತ್ತಾಳೆ. ಹೆಸರು ಸುಮ್ಮನೆ ಬಂದದ್ದಲ್ಲ. ಅದು ಅವಳಿಗೂ ಗೊತ್ತು, ಒಳಗೊಳಗೇ ಇಷ್ಟವೂ ಆಗುತ್ತಿತ್ತು, ಸುಳ್ಳೇಕೆ.

ಪಕ್ಕದ ಮೇಜಿನ ನೆಟ್‌ವರ್ಕಿನವನು, ಎಲ್ಲರನ್ನೂ ತಮಾಷೆ ಮಾಡುವ ಚಾಳಿಗೆ ಭಾವ ಎಂದೇ ಹೆಸರಾದವನು, ಕುರ್ಚಿ ಹೊರಳಿಸಿ ಕೇಳಿದ: "ತಾಯಿ ಹೇಗಿದಾರೆ ಮೇಡಂ?"

"ಪರವಾಗಿಲ್ಲ. ಕಾಲಿಗೆ ಸೋಂಕು. ಔಷಧಿ ಹಾಕಿದ್ರೆ ಇಳಿಯುತ್ತೆ."

"ನೀವು ಮೇಲೇ ಇರಬಹುದಿತ್ತು. ಇಲ್ಲಿ ನಾನಿದೀನಲ್ಲ."

"ನೀವಿದೀರ ಅಂತಾನೇ ಬಂದೆ" ಎಂದಳು. ಅವನು ನಕ್ಕ. ಅವಳು ನಗಲಿಲ್ಲ, ಯಾಕೆಂದರೆ ನಿಜವಾಗಿ ತಾನು ಕೆಳಗೆ ಬಂದದ್ದು ಆ ವಾರ್ಡಿನಲ್ಲಿ ತನಗೆ ಮಾಡಲು ಏನೂ ಇರಲಿಲ್ಲವೆಂದು. ಬಟ್ಟೆ ಬದಲಿಸುವುದು, ನೀರು ಕುಡಿಸುವುದು, ಬೆನ್ನಿಗೆ ದಿಂಬು ಕೊಡುವುದು, ಎಲ್ಲವನ್ನೂ ತಮ್ಮನ ಹೆಂಡತಿ ಮಾಡಿ ಮುಗಿಸುತ್ತಿದ್ದಳು. ಅಮ್ಮ ಇರುವುದೂ ತಮ್ಮನ ಮನೆಯಲ್ಲಿ. ಮಗಳ ಪಾಲಿಗೆ ಉಳಿದದ್ದು ಒಂದೇ, ಆಸ್ಪತ್ರೆಯ ವ್ಯವಹಾರ. ಯಾವ ಡಾಕ್ಟರು, ಯಾವ ವಾರ್ಡು, ಯಾವ ಪರೀಕ್ಷೆ. "ಅದೆಲ್ಲ ಅತ್ತಿಗೆಗೆ ಗೊತ್ತು" ಅಂತ ತಮ್ಮನ ಹೆಂಡತಿ ಯಾವಾಗಲೂ ಹೇಳುತ್ತಾಳೆ, ಹೊಗಳಿಕೆಯೋ ಚುಚ್ಚುವುದೋ ಎಂದು ಇವತ್ತಿಗೂ ಗೊತ್ತಾಗಿಲ್ಲ.

ಫೋನು ಬಡಿದುಕೊಂಡಿತು. ಎತ್ತುವ ಮೊದಲೇ ಇನ್ನೊಂದು. ಡಾಕ್ಟರರು ವಾರ್ಡುಗಳಲ್ಲಿ ಸುತ್ತು ಶುರುಮಾಡುವ ಹೊತ್ತು. ಹೆರಿಗೆ ವಾರ್ಡಿನವರು, "ಮೇಡಂ, ರೋಗಿ ನಂಬರ್ ಹಾಕಿದ್ರೆ ಸುಮ್ನೆ ಸುತ್ತುತ್ತಾ ಇದೆ" ಅಂದರು. ತುರ್ತು ಚಿಕಿತ್ಸೆಯವರು, "ಏನೂ ತೆರೀತಿಲ್ಲ" ಅಂದರು. ಔಷಧಿ ಅಂಗಡಿಯವನು ಜಗಳದ ದನಿಯಲ್ಲಿ, "ಇಲ್ಲಿ ಸಾಲು ಬಾಗಿಲಾಚೆ ಹೋಗಿದೆ, ಜನ ನನ್ನನ್ನ ತಿಂತಾರೆ ಅಷ್ಟೇ" ಅಂದ. ಅವಳು "ನೋಡ್ತೀನಿ, ನೋಡ್ತೀನಿ" ಅನ್ನುತ್ತ ಪರದೆಗೆ ತಿರುಗಿದಳು. ಇಂಥದಕ್ಕೆಲ್ಲ ಅವಳು ಹೆದರುವವಳಲ್ಲ. ಡಿಸ್ಕ್ ತುಂಬಿರಬೇಕು, ಇಲ್ಲ ಯಾರೋ ತಂತಿ ಎಡವಿರಬೇಕು. ಭಾವ ಆಗಲೇ ತನ್ನ ಕಡೆಯದನ್ನು ನೋಡಿ, "ನಮ್ಮ ದಾರಿಯೆಲ್ಲ ಸರಿಯಿದೆ ಮೇಡಂ, ಮನೆಯೊಳಗೇ ಏನೋ ಆಗಿದೆ" ಅಂದ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಅವಳು ಡೇಟಾಬೇಸಿನ ದೂರಿನ ಸಾಲುಗಳನ್ನು ತೆರೆದಳು. ಒಂದೇ ವಾಕ್ಯ, ಮೇಲಿಂದ ಕೆಳಗಿನವರೆಗೆ, ಹುಚ್ಚು ಹಿಡಿದವರ ಜಪದ ಹಾಗೆ: ತೆರೆದ ಕಡತಗಳು ಮಿತಿ ಮೀರಿವೆ.

ಅವಳು ಇನ್ನೊಮ್ಮೆ ಓದಿದಳು. ಓದಿದ್ದು ಅರ್ಥವಾಗಲಿಲ್ಲವೆಂದಲ್ಲ, ಅರ್ಥವಾದ್ದರಿಂದಲೇ.

ರೋಗಿಗಳ ವಿವರ ತುಂಬಿದ ದೊಡ್ಡ ಕೋಷ್ಟಕವನ್ನು ತುಂಡು ತುಂಡಾಗಿ ಒಡೆದವಳು ಅವಳೇ. ವರ್ಷಗಳಿಂದ ಎಲ್ಲ ರೋಗಿಗಳ ಎಲ್ಲ ಟಿಪ್ಪಣಿಗಳೂ ಒಂದೇ ಕಡೆ ಬಿದ್ದು ಬಿದ್ದು, ಒಂದು ಹೆಸರು ಹುಡುಕಿಕೊಡು ಅಂದರೆ ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ತಿಂಗಳಿಗೊಂದು ತುಂಡು ಮಾಡಿದ್ದರೂ ಸಾಕಿತ್ತು. ಅವಳು ದಿನಕ್ಕೊಂದು ತುಂಡು ಮಾಡಿದಳು. ತುಂಡು ಚಿಕ್ಕದಾದಷ್ಟೂ ಹುಡುಕುವುದು ಬೇಗ, ಮೇಲಿನವರಿಗೆ ತೋರಿಸುವಾಗ ಕಣ್ಣಿಗೆ ಹೊಡೆಯಬೇಕು ಎಂದು. ಸಾವಿರಾರು ತುಂಡು, ಒಂದೊಂದೂ ಡಿಸ್ಕಿನ ಮೇಲೆ ಒಂದೊಂದು ಕಡತ. ಆದರೆ ಯಂತ್ರದ ಆಪರೇಟಿಂಗ್ ಸಿಸ್ಟಂ ಬಿಗಿ ಕೈಯ ಮನೆಯೊಡತಿಯಿದ್ದಂತೆ: ಒಂದು ಪ್ರೋಗ್ರಾಂ ಒಂದೇ ಹೊತ್ತಿಗೆ ಇಷ್ಟು ಕಡತ ಮಾತ್ರ ತೆರೆದಿಟ್ಟುಕೊಳ್ಳಬಹುದು, ಅದರ ಮೇಲೆ ಒಂದೂ ಇಲ್ಲ. ಅದು ಅವಳಿಗೆ ಗೊತ್ತಿರಲಿಲ್ಲವೇ, ಚೆನ್ನಾಗಿ ಗೊತ್ತಿತ್ತು. ಒಡೆದ ದಿನವೇ ಆ ಮಿತಿಗೆ ಮುಗ್ಗರಿಸಿದ್ದಳು; ತಾನೇ ಕೀಲಿಮಣೆಯಿಂದ ಸಿಸ್ಟಂನ ಒಳಗೆ ಹೋಗಿ, ಮಿತಿಯನ್ನು ಕೈಯಿಂದ ಏರಿಸಿ, ಡೇಟಾಬೇಸನ್ನು ಮತ್ತೆ ಚಾಲೂ ಮಾಡಿದ್ದಳು. ಹಾಗೆ ಕೈಯಿಂದ ಏರಿಸಿದ್ದು ಅವಳು ಚಾಲೂ ಮಾಡಿದ ಆ ಒಂದು ಸಲಕ್ಕೆ ಮಾತ್ರ. ಯಂತ್ರ ತಾನಾಗಿ ಮಲಗಿ ತಾನಾಗಿ ಎದ್ದರೆ ಹಳೆಯ ಸಣ್ಣ ಮಿತಿಯೇ ವಾಪಸು. ಏರಿಸಿದ್ದನ್ನು ಯಂತ್ರದ ಕಾಯಂ ನಿಯಮದಲ್ಲಿ ಬರೆಯಬೇಕು. ಹೊಸದಾಗಿ ಸೇರಿದವರಿಗೆ ಅವಳು ಹೇಳಿಕೊಡುವ ಮೊದಲ ಪಾಠವೇ ಅದು: ಬರೆಯದೆ ಇದ್ದದ್ದು ಯಂತ್ರದ ಜೊತೆಗೇ ಸಾಯುತ್ತೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಆ ದಿನ ಸಾಯಂಕಾಲ ತೋರಿಸುವ ಕಾರ್ಯಕ್ರಮವಿತ್ತು, ಆಡಳಿತ ನೋಡುವ ಸಾಹೇಬರು ಬರುವವರಿದ್ದರು, ಆಮೇಲೆ ಬರೆದರಾಯಿತು ಅಂದುಕೊಂಡಳು. ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಮೇಲೆ ಯಾರಿಗೆ ನೆನಪಿರುತ್ತದೆ.

ಆ ಚಪ್ಪಾಳೆ ಈಗಲೂ ಕಿವಿಯಲ್ಲಿತ್ತು. ಉದ್ದ ಮೇಜು, ಅದರ ತುದಿಯಲ್ಲಿ ಸಾಹೇಬರು, ಗೋಡೆಯ ಮೇಲೆ ಪರದೆ. ನಿಜವಾದ ರೋಗಿಗಳ ವಿವರ ಎಲ್ಲರ ಮುಂದೆ ತೋರಿಸುವಂತಿಲ್ಲ, ಅದಕ್ಕೇ ಅವಳು ಒಬ್ಬ ಸುಳ್ಳು ರೋಗಿಯನ್ನು ಹುಟ್ಟಿಸಿದ್ದಳು. ಪ್ರಯೋಗದ ಅಜ್ಜಿ ಎಂದೇ ಅದಕ್ಕೆ ಹೆಸರು. ಅಜ್ಜಿಗೆ ವಯಸ್ಸು ಕೊಟ್ಟಳು, ರಕ್ತದ ಗುಂಪು ಕೊಟ್ಟಳು, ಬಿಪಿ ಕೊಟ್ಟಳು, ಆಗಿಬರದ ಔಷಧಿ ಕೊಟ್ಟಳು. ತಾರೀಖು ಒತ್ತಿದರೆ ಅಜ್ಜಿ ರೆಪ್ಪೆ ಬಡಿಯುವುದರೊಳಗೆ ಎದುರಿಗೆ. ಆಗ ಅವಳು ಕೇಳಿದ್ದು ಒಂದೇ ದಿನದ ತುಂಡನ್ನು. ಬೆಳಗಿನ ಕೌಂಟರುಗಳಿಗೂ ಬೇಕಾದದ್ದು ಇವತ್ತಿನ ತುಂಡು ಮಾತ್ರ, ಅದಕ್ಕೇ, ಯಾವಾಗಲೋ ಮಲಗಿ ಎದ್ದಿರಬೇಕಾದ ಯಂತ್ರ ಇಷ್ಟು ಹೊತ್ತು ಸುಮ್ಮನೆ ನಡೆದಿತ್ತು. ಆದರೆ ವಾರ್ಡಿನ ಡಾಕ್ಟರು ಕೇಳುವುದು ರೋಗಿಯ ಆದ್ಯಂತ. ಯಾವ ಔಷಧಿ ಆಗುವುದಿಲ್ಲವೆಂದು ಯಾವ ವರ್ಷ ಯಾವ ದಿನ ಬರೆದರೋ, ಎಲ್ಲ ತುಂಡುಗಳನ್ನೂ ತೆರೆದೇ ನೋಡಬೇಕು. ಸುತ್ತು ಶುರುವಾಯಿತು, ಎಲ್ಲ ಬಾಗಿಲನ್ನೂ ಒಟ್ಟಿಗೆ ಬಡಿದರು, ಮನೆಯೊಡತಿ ಸಾಕು ಅಂದಳು.

"ರಾತ್ರಿ ಕರೆಂಟಿನವರು ಜನರೇಟರ್ ಪರೀಕ್ಷೆ ಮಾಡಿದಾರೆ" ಎಂದ ಭಾವ, ಯಾರೊಡನೆಯೋ ಫೋನಿನಲ್ಲಿ ವಿಚಾರಿಸಿಕೊಂಡು. "ಮಿಷನ್ ಆರಿ ತಾನೇ ಎದ್ದಿದೆ. ಅದಕ್ಕೂ ಇದಕ್ಕೂ ಏನಾದ್ರೂ ಇದೆಯಾ?"

"ಇರಲಿಕ್ಕಿಲ್ಲ" ಅಂದಳು.

ತಾನು ಹಾಗೆ ಅಂದದ್ದನ್ನು ಅವಳು ಬೇರೆಯವರ ಮಾತು ಕೇಳಿದಂತೆ ಕೇಳಿಸಿಕೊಂಡಳು. ಅಷ್ಟರಲ್ಲಿ ಸಾಹೇಬರೇ ಬಾಗಿಲಲ್ಲಿ. ಅವರು ನೆಲಮಾಳಿಗೆಗೆ ಇಳಿದು ಬರುವವರಲ್ಲ. ಬಂದಿದ್ದಾರೆ ಅಂದರೆ ಮೇಲೆ ಯಾರೋ ಕೂಗಾಡಿದ್ದಾರೆ. ಉಸಿರು ಬಿಡುತ್ತ, "ಏನಮ್ಮಾ ಇದು, ನಿಮ್ಮ ಆ ತುಂಡು ಗಿಂಡು ಮಾಡಿದ್ರಲ್ಲ, ಅದರದ್ದೇನಾ?" ಎಂದು ಕೇಳಿದರು. ಎಷ್ಟು ಸರಿಯಾಗಿ ಕೇಳಿದರು, ಏನೂ ಗೊತ್ತಿಲ್ಲದೆ.

"ಇಲ್ಲ ಸರ್. ಕರೆಂಟಿಂದ ಮಿಷನ್‌ಗೆ ಏನೋ ಆಗಿದೆ. ನೋಡ್ತಾ ಇದೀನಿ."

"ಎಷ್ಟು ಹೊತ್ತು?"

"ಈಗ ಆಗುತ್ತೆ ಸರ್."

ಸಾಹೇಬರು ಹೋಗಲಿಲ್ಲ. ಅವಳ ಬೆನ್ನ ಹಿಂದೆಯೇ ನಿಂತರು, ಕೈ ಕಟ್ಟಿಕೊಂಡು, ಪರದೆಯನ್ನು ನೋಡುತ್ತ. ಅವರಿಗೆ ಒಂದಕ್ಷರವೂ ತಿಳಿಯುವುದಿಲ್ಲವೆಂದು ಅವಳಿಗೆ ಗೊತ್ತಿದ್ದರೂ ಬೆನ್ನು ಬೆತ್ತಲೆಯಾದಂತೆ ಅನ್ನಿಸಿತು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಹೀಗೇ ಹಿಂದೆ ಬಂದು ನಿಲ್ಲುತ್ತಿದ್ದರು, ಬರುತ್ತಿದ್ದ ಲೆಕ್ಕವೂ ಮರೆತುಹೋಗುತ್ತಿತ್ತು. ಮನೆಗೆ ಬಂದು ಅತ್ತರೆ ಅಮ್ಮ, "ಮರೆತ್ರೆ ಮರೀಲಿ ಬಿಡು, ಅವರಿಗೂ ಒಂದು ದಿನ ಮರೆಯುತ್ತೆ" ಅನ್ನುತ್ತಿದ್ದಳು. ಮಾಡಬೇಕಾದದ್ದು ಇಷ್ಟೇ: ಒಳಗೆ ಹೋಗು, ಮಿತಿ ಏರಿಸು, ನಿಲ್ಲಿಸು, ಎಬ್ಬಿಸು. ಒಂದು ಲೋಟ ನೀರು ಕುಡಿಯುವಷ್ಟು ಕೆಲಸ. ಆದರೆ ನಿಲ್ಲಿಸಿದರೆ ಅರ್ಧಂಬರ್ಧ ನಡೆಯುತ್ತಿರುವ ಕೌಂಟರುಗಳೂ ಪೂರ್ತಿ ನಿಲ್ಲುತ್ತವೆ, ಎಬ್ಬಿಸಿದ ಮೇಲೆ ಅಷ್ಟೂ ತುಂಡನ್ನು ಯಂತ್ರ ಒಂದೊಂದಾಗಿ ತಡವಿ ನೋಡಬೇಕು. ಸಾಹೇಬರಿಗೆ ಹೇಳಿಯೇ ನಿಲ್ಲಿಸಬೇಕು. ಹೇಳಿದರೆ ಯಾಕೆ ಅಂತಾರೆ.

ಆಗ ಅವಳ ಸ್ವಂತ ಮೊಬೈಲು ಬಡಿದುಕೊಂಡಿತು. ಮೂರನೆಯ ಮಹಡಿಯ ನರ್ಸು.

"ಮೇಡಂ, ನಿಮ್ಮ ತಾಯಿಗೆ ಜ್ವರ ಏರ್ತಾ ಇದೆ, ಡಾಕ್ಟರು ಈಗಲೇ ಔಷಧಿ ಶುರುಮಾಡಿ ಅಂದಿದಾರೆ. ಇಲ್ಲಿ ಅವರ ಹಳೇದೇನೂ ತೆರೀತಿಲ್ಲ. ಅವರಿಗೆ ಯಾವುದಾದ್ರೂ ಔಷಧಿ ಆಗಲ್ವಾ? ಏನೋ ಇದೆ ಅಂತ ದಾಖಲು ಮಾಡ್ಸೋವಾಗ ಹೇಳಿದ್ರಿ."

"ಇದೆ" ಎಂದಳು. ಹೇಳಿದ್ದು ನಿಜ, 'ಎಲ್ಲಾ ಸಿಸ್ಟಂನಲ್ಲಿದೆ, ನೋಡ್ಕೊಳ್ಳಿ' ಎಂದಿದ್ದಳು.

"ಯಾವುದು ಮೇಡಂ?"

ಬಾಯಿ ತೆರೆದಳು. ಅಲ್ಲಿ ಏನೂ ಇರಲಿಲ್ಲ. ಹೆಸರು ನಾಲಿಗೆಯ ತುದಿಯಲ್ಲಿದೆ ಅನ್ನುವಂತೆಯೂ ಅಲ್ಲ, ಇರಬೇಕಾದ ಜಾಗವೇ ಖಾಲಿ. ವರ್ಷಗಳ ಹಿಂದೆ ಅಮ್ಮನ ಮುಖ ಕುಂಬಳಕಾಯಿಯಂತೆ ಬಾತದ್ದು ನೆನಪಿದೆ, ಕಣ್ಣು ಮುಚ್ಚಿಹೋಗಿದ್ದು ನೆನಪಿದೆ, ತಾನು ಆಟೋದಲ್ಲಿ ಅಮ್ಮನ ತಲೆ ಎದೆಗೊತ್ತಿಕೊಂಡು, ಒಂದೊಂದು ಉಬ್ಬಿನಲ್ಲೂ ಉಸಿರಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿದದ್ದು ನೆನಪಿದೆ. ಡಾಕ್ಟರು ಔಷಧಿಯ ಹೆಸರು ಹೇಳಿ, "ಇದನ್ನ ಜನ್ಮದಲ್ಲಿ ಮರೀಬೇಡಿ" ಅಂದದ್ದು ನೆನಪಿದೆ. ಹೆಸರು ಇಲ್ಲ. ಅವತ್ತೇ ಇಲ್ಲಿಗೆ ಬಂದು, ಇದೇ ಕುರ್ಚಿಯಲ್ಲಿ ಕೂತು, ಅಮ್ಮನ ಹೆಸರಿನ ಮುಂದೆ ಅದನ್ನು ಬರೆದು ಉಸಿರು ಬಿಟ್ಟಿದ್ದಳು. ಎಂಥ ನೆಮ್ಮದಿಯ ಉಸಿರು ಅದು. ಅಮ್ಮ ಆಮೇಲೆ ಎಷ್ಟೋ ದಿನ ಆ ಹೆಸರನ್ನು ಬಾಯಿಪಾಠ ಮಾಡಿಕೊಂಡು, ಮನೆಗೆ ಬಂದವರಿಗೆ, ಹಲ್ಲಿನ ಡಾಕ್ಟರಿಗೆ, ಬಸ್ಸಿನಲ್ಲಿ ಪಕ್ಕ ಕೂತವಳಿಗೆ, "ನೋಡಿ, ನನಗೆ ಇದೊಂದು ಆಗಲ್ಲ" ಅಂತ ಹೇಳಿದ್ದೇ ಹೇಳಿದ್ದು. ಒಂದು ಸಲ ಕಚೇರಿಯವರೆಲ್ಲ ಮನೆಗೆ ಬಂದಾಗಲೂ ಹೇಳತೊಡಗಿದಳು. ಮಗಳಿಗೆ ಮುಜುಗರವಾಯಿತು. ಅಡುಗೆಮನೆಗೆ ಕರೆದು, "ಅಮ್ಮಾ, ಸಿಕ್ಕವರಿಗೆಲ್ಲ ಅದನ್ನ ಹೇಳ್ಬೇಡ. ಎಲ್ಲಾ ಬರೆದಿಟ್ಟಿದೀನಿ. ಇನ್ನು ನೀನು ನೆನಪಿಟ್ಕೊಳ್ಳೋದು ಬೇಡ" ಅಂದಳು. ಅಮ್ಮ ಸ್ವಲ್ಪ ಹೊತ್ತು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ನಿಂತು, "ಸರಿ ಹಾಗಾದ್ರೆ" ಅಂದಳು. ಅದರ ಮೇಲೆ ಆ ಹೆಸರು ಮನೆಯಲ್ಲಿ ಕೇಳಿಬರಲಿಲ್ಲ.

"ಮೇಡಂ? ಇದೀರಾ?" ನರ್ಸು ಕೇಳಿದಳು. "ನೆನಪಿಲ್ಲ ಅಂದ್ರೆ ಹೇಳಿ. ನಿಮ್ಮ ತಮ್ಮನ ಹೆಂಡತಿ ಜ್ವರದ ಮಾತ್ರೆ ತರೋಕೆ ಕೆಳಗೆ ಹೋಗಿದಾರೆ, ಫೋನು ಇಲ್ಲೇ ಬಿಟ್ಟು ಹೋಗಿದಾರೆ. ಅವರು ಬಂದ ಮೇಲೆ ಕೇಳ್ತೀನಿ, ಅವರಿಗೆ ಗೊತ್ತಿರ್ಬಹುದು."

ಸೂಜಿ ಚುಚ್ಚಿದಂತಾಯಿತು. ಅವರಿಗೆ ಗೊತ್ತಿರಬಹುದು. ಹೌದು, ಅವಳಿಗೆ ಎಲ್ಲ ಗೊತ್ತು, ಕಾಲು ಎತ್ತುವುದು, ದಿಂಬು ಇಡುವುದು. ಮಗಳು ಯಾರು ಹಾಗಾದರೆ, ಅವಳೋ ತಾನೋ. ಬೆನ್ನ ಹಿಂದೆ ಸಾಹೇಬರು ಕಾಲು ಬದಲಿಸಿದರು. ತುಸು ತಡೆಯಿರಿ, ಈಗ ಸಿಸ್ಟಂ ಬರುತ್ತೆ, ನೋಡಿಯೇ ಹೇಳ್ತೀನಿ ಎಂದಿದ್ದರೆ ಮುಗಿದಿತ್ತು. ಆದರೆ ಹಾಗೆನ್ನುವುದೆಂದರೆ ಸಾಹೇಬರ ಮುಂದೆ, ಹೆತ್ತ ತಾಯಿಗೆ ಏನು ಆಗುವುದಿಲ್ಲ ಎಂಬುದೂ ಆ ಕೆಟ್ಟ ಯಂತ್ರವಿಲ್ಲದೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಆಗ, ಎಲ್ಲಿಂದಲೋ, ಅಚ್ಚುಕಟ್ಟಾಗಿ, ಪರದೆಯ ಮೇಲೆ ಓದಿದಷ್ಟು ಸ್ಪಷ್ಟವಾಗಿ ಒಂದು ಹೆಸರು ಬಂತು. ಆಹಾ, ಬಂತಲ್ಲ ಅನ್ನಿಸಿತು. ಮರೆತಿರಲಿಲ್ಲವಲ್ಲ ಅನ್ನಿಸಿತು.

"ಸಲ್ಫಾ" ಎಂದಳು. "ಸಲ್ಫಾ ಜಾತಿಯದ್ದು ಯಾವುದೂ ಆಗಲ್ಲ."

"ಖಂಡಿತಾ ತಾನೆ ಮೇಡಂ? ಯಾಕಂದ್ರೆ ಡಾಕ್ಟರು ಹೇಳಿರೋದು ಪೆನಿಸಿಲಿನ್ ಜಾತಿಯದ್ದು, ವಾರ್ಡಲ್ಲೇ ಇದೆ."

"ಅದು ಕೊಡಿ. ಅದಕ್ಕೇನೂ ತೊಂದರೆ ಇಲ್ಲ."

ಫೋನು ಇಟ್ಟಳು. ದನಿ ಎಷ್ಟು ಗಟ್ಟಿಯಾಗಿತ್ತು. ಸಾಹೇಬರು, "ತಾಯಿಯವರಾ? ಅಡ್ಮಿಟ್ ಆಗಿದಾರಾ? ಛೆ, ಇಂಥಾದ್ದರಲ್ಲೂ ಕೂತು ಕೆಲಸ ಮಾಡ್ತಾ ಇದೀರಲ್ಲ" ಅಂದರು. ಆ ಮೆಚ್ಚುಗೆ ಅವಳಿಗೆ ಧೈರ್ಯ ಕೊಟ್ಟಿತು. "ಸರ್, ಒಂದು ಸಲ ಪೂರ್ತಿ ನಿಲ್ಲಿಸಿ ಎಬ್ಬಿಸ್ಬೇಕು" ಅಂದಳು. "ಎಬ್ಬಿಸಿ, ಎಬ್ಬಿಸಿ" ಅಂದರು ಅವರು, ಯಾಕೆ ಎಂದು ಕೇಳಲೇ ಇಲ್ಲ. ಕೇಳಿಯಾರು ಎಂದು ಎಷ್ಟು ಹೆದರಿದ್ದಳು.

ಒಳಗೆ ಹೋದಳು. ಮಿತಿಯನ್ನು ಏರಿಸಿದಳು, ಕೈಯಿಂದಲೇ. ಭಾವ ಬಗ್ಗಿ ನೋಡುತ್ತಿದ್ದವನು ಮೆಲ್ಲಗೆ, ಸಾಹೇಬರಿಗೆ ಕೇಳಿಸದಂತೆ, "ಓ, ಇದಾ" ಅಂದ. ಅಷ್ಟೇ ಅಂದ, ಒಳ್ಳೆಯ ಮನುಷ್ಯ. ಡೇಟಾಬೇಸು ನಿಂತಿತು. ಎದ್ದಿತು. ತುಂಡುಗಳನ್ನು ಒಂದೊಂದಾಗಿ ತಡವತೊಡಗಿತು. ಮುಗಿಯುವವರೆಗೂ ಯಂತ್ರದ ಫ್ಯಾನುಗಳ ಸದ್ದು ಮಾತ್ರ. ಆಮೇಲೆ ಎಲ್ಲ ಒಟ್ಟಿಗೆ ಬಂತು. ಭಾವನ ಫೋನಿನಲ್ಲಿ ಔಷಧಿ ಅಂಗಡಿಯವನು "ಬಂತು, ಬಂತು" ಅನ್ನುವುದು ಇಲ್ಲಿಗೂ ಕೇಳಿಸಿತು. ಸಾಹೇಬರು ಅವಳ ಕುರ್ಚಿಯ ಬೆನ್ನು ತಟ್ಟಿ, "ಭೇಷ್" ಎಂದು ಹೋದರು.

ಎಲ್ಲ ತುಂಡೂ ತೆರೆಯುತ್ತಿದೆಯೇ ಎಂದು ನೋಡಲು ಒಬ್ಬ ರೋಗಿಯ ಆದ್ಯಂತ ಕೇಳಬೇಕಿತ್ತು. ಅಭ್ಯಾಸಬಲ, ಬೆರಳು ತಾನಾಗಿ ಪ್ರಯೋಗದ ಅಜ್ಜಿಯ ನಂಬರನ್ನೇ ಒತ್ತಿತು. ಅಜ್ಜಿ ಬಂದಳು. ವಯಸ್ಸು, ರಕ್ತದ ಗುಂಪು, ಬಿಪಿ. ಆಗಿಬರದ ಔಷಧಿ: ಸಲ್ಫಾ.

ಒಂದು ಕ್ಷಣ ಅವಳಿಗೆ ಏನೂ ಆಗಲಿಲ್ಲ. ಆ ಪದವನ್ನು ನೋಡುತ್ತ ಕೂತಳು, ಪರಿಚಯದವರ ಮುಖ ನೋಡಿದಂತೆ. ಎಷ್ಟು ಸಲ ನೋಡಿಲ್ಲ ಅದನ್ನು, ಪ್ರತಿ ಪರೀಕ್ಷೆಯಲ್ಲಿ, ಪ್ರತಿ ತಿದ್ದುಪಡಿಯ ನಂತರ, ದಿನಕ್ಕೆ ಹತ್ತಾರು ಸಲ. ಅಮ್ಮನ ಪುಟವನ್ನು ಬರೆದ ಮೇಲೆ ಒಂದು ಸಲವೂ ತೆರೆದಿರಲಿಲ್ಲ. ಇರುವ ಅಮ್ಮನ ಬಗ್ಗೆ ಕೇಳಿದರು, ನಾನು ಇಲ್ಲದ ಅಜ್ಜಿಯದನ್ನು ಹೇಳಿದೆ. ಬೆರಳು ಕೀಲಿಗಳ ಮೇಲೆ ಎಡವಿತು, ಅಮ್ಮನ ಹೆಸರನ್ನು ಬರೆಯುವುದೂ ಬಾರದೆ ಎರಡು ಸಲ ತಪ್ಪಾಯಿತು, ಮೂರನೆಯ ಸಲ ಪುಟ ತೆರೆಯಿತು, ರೆಪ್ಪೆ ಬಡಿಯುವುದರೊಳಗೆ, ಅವಳೇ ಮಾಡಿಕೊಟ್ಟ ವೇಗದಲ್ಲಿ. ಪೆನಿಸಿಲಿನ್. ಅದರ ಮುಂದೆ ಅವಳದೇ ಮಾತು: ಜೀವಕ್ಕೆ ಅಪಾಯ.

ಮೂರನೆಯ ಮಹಡಿಗೆ ಫೋನು ಮಾಡಿದಳು, ಕಾರ್ಯನಿರತ. ಮತ್ತೆ ಮಾಡಿದಳು, ಕಾರ್ಯನಿರತ. ಇಡೀ ಆಸ್ಪತ್ರೆ ಸಿಸ್ಟಂ ಬಂತೇ ಬಂತೇ ಎಂದು ಒಬ್ಬರಿಗೊಬ್ಬರು ಫೋನು ಮಾಡಿಕೊಳ್ಳುತ್ತಿತ್ತು. ಭಾವ ಎದ್ದು ನಿಂತ. "ಏನಾಯ್ತು ಮೇಡಂ?" ಚಪ್ಪಲಿ ಮೇಜಿನ ಕೆಳಗೆ ಎಲ್ಲಿತ್ತೋ, ಬರಿಗಾಲಿನಲ್ಲೇ ಓಡಿದಳು. ಲಿಫ್ಟಿನ ಮುಂದೆ ಗಾಲಿಮಂಚವೊಂದು ಕಾಯುತ್ತಿತ್ತು, ಮೆಟ್ಟಿಲು ಹಿಡಿದಳು. ಕೆಳಮಹಡಿಯಲ್ಲಿ ಔಷಧಿ ಅಂಗಡಿಯ ಸಾಲು ಮೆಟ್ಟಿಲಿನವರೆಗೆ ಬಂದಿತ್ತು. ಆ ಸಾಲಿನ ನಡುವೆ, ಕೈಯಲ್ಲಿ ಚೀಟಿ ಹಿಡಿದು, ಕಾದು ಕಾದು ಸೋತ ಮುಖದ ತಮ್ಮನ ಹೆಂಡತಿ. ಇವಳ ಸಾಲು, ಇವಳ ಕಾಯುವಿಕೆ, ಅದೂ ನಾನು ಮಾಡಿದ್ದೇ.

"ಅತ್ತಿಗೆ" ಎಂದಳು ಅವಳು, ಅತ್ತ ಇತ್ತ ಸರಿದು ದಾರಿ ಬಿಡುತ್ತ. "ಸಿಸ್ಟಂ ಇರ್ಲಿಲ್ಲವಂತೆ, ಈಗ ಬಂತು. ಅತ್ತೆಗೆ ಆ ಪೆನಿಸಿಲಿನ್ ಆಗಲ್ಲ ಅಂತ ಮೇಲೆ ಹೇಳಿದೀರಲ್ಲ? ನಾನು ಮರೆತು ಬಂದ್ಬಿಟ್ಟೆ, ಆಮೇಲೆ ನೀವಿದೀರಲ್ಲ ಅಂತ ಸುಮ್ಮನಾದೆ."

"ಹೇಳಿದೀನಿ" ಎಂದಳು.

ಎಂದು, ಎರಡೆರಡು ಮೆಟ್ಟಿಲು ಹಾರುತ್ತ ಮೇಲೇರಿದಳು. ಈಗಲೂ ಸುಳ್ಳು ಹೇಳಿದೆನೇ, ಈ ಉಸಿರಿನಲ್ಲೂ, ಯಾರಿಗೋಸ್ಕರ, ಈಗ ಉಳಿಸಿಕೊಳ್ಳುವುದಕ್ಕೆ ಏನಿದೆ. ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು, ಆದರೆ ಹೇಸಿಗೆಗೂ ಪುರುಸೊತ್ತಿರಲಿಲ್ಲ. ವಾರ್ಡಿನ ಆಯಾ ಒಬ್ಬಳು ಎದುರಿಗೆ ಇಳಿಯುತ್ತ, "ಬೀಗದಕೈ ಮೇಡಂ, ಬಂತು ನೋಡಿ ಸಿಸ್ಟಂ, ನೀವು ಪುಣ್ಯಾತ್ಗಿತ್ತಿ" ಅಂದಳು. ಎದುರಿಗೇ ಆ ಹೆಸರು ಕರೆದದ್ದು ಅವಳ ಗಮನಕ್ಕೆ ಬಂತು, ಅಂಥ ಹೊತ್ತಿನಲ್ಲೂ ಬಂತು.

ಅಮ್ಮನ ಮಂಚದ ಸುತ್ತ ಪರದೆ ಎಳೆದಿದ್ದರು. ಪರದೆಯ ಕೆಳಗೆ ಎರಡು ಜೊತೆ ಕಾಲು. ಅವಳು ಪರದೆಯನ್ನು ಸರಿಸುವ ಮೊದಲು ಅದನ್ನು ಹಿಡಿದು ನಿಂತಳು, ಎಷ್ಟು ಹೊತ್ತೋ, ಸರಿಸಿದರೆ ಕಾಣಬೇಕಾಗುತ್ತದೆ ಎಂದು. ಒಳಗಿನಿಂದ ಡಾಕ್ಟರೇ ಸರಿಸಿದರು. ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಮುಖದ ಮೇಲೆ ಆಮ್ಲಜನಕದ ಮುಸುಕು. ತುಟಿ ದಪ್ಪಗೆ ಹೊರಳಿತ್ತು, ರೆಪ್ಪೆ ಬಾತು ಕಣ್ಣು ಗೀರಾಗಿತ್ತು, ಕುತ್ತಿಗೆಯ ಮೇಲೆಲ್ಲ ಕೆಂಪು ದದ್ದು. ಎದೆ ಏಳುತ್ತಿತ್ತು, ಇಳಿಯುತ್ತಿತ್ತು. ಅವಳು ಅದನ್ನೇ ನೋಡಿದಳು, ಏಳುವುದನ್ನು, ಇಳಿಯುವುದನ್ನು.

"ಔಷಧಿ ಸ್ವಲ್ಪ ಒಳಗೆ ಹೋಗಿತ್ತು" ಎಂದರು ಡಾಕ್ಟರು. "ಕೆಮ್ಮು ಶುರುವಾಯ್ತು, ಸಿಸ್ಟರ್ ಕೂಡಲೇ ನಿಲ್ಲಿಸಿದ್ರು. ನಾನು ಇಲ್ಲೇ ಇದ್ದೆ, ಒಳ್ಳೇದಾಯ್ತು. ಈಗ ಉಸಿರು ಸರಿಹೋಗ್ತಾ ಇದೆ. ಜೀವಕ್ಕೆ ಭಯವಿಲ್ಲ, ಆದ್ರೆ ಇವತ್ತೆಲ್ಲ ನೋಡ್ತಾ ಇರ್ಬೇಕು." ಅವರು ಬೈಯಲಿಲ್ಲ. ಕೊರಳಿನ ಪಟ್ಟಿಯನ್ನು ಸರಿಮಾಡಿಕೊಂಡು, ಅವಳ ಮುಖ ನೋಡದೆ, ಪಕ್ಕದ ಮಂಚಕ್ಕೆ ಹೋದರು. ಬೈದಿದ್ದರೆ ಅದನ್ನಾದರೂ ಹಿಡಿದುಕೊಂಡು ನಿಲ್ಲಬಹುದಿತ್ತು.

ನರ್ಸು ಬಿಳುಚಿಕೊಂಡಿದ್ದಳು. ತೀರಾ ಸಣ್ಣ ದನಿಯಲ್ಲಿ ಹೇಳಿದಳು: "ಅವರು ಬೇಡ ಅಂದ್ರು ಮೇಡಂ. ಔಷಧಿ ಹೆಸರು ಹೇಳಿದ ಕೂಡ್ಲೇ, ಅದು ನನಗಾಗಲ್ಲಮ್ಮ ಅಂತ ಕೈ ಎಳ್ಕೊಂಡ್ರು. ನಾನೇ, ನಿಮ್ಮ ಮಗಳನ್ನ ಈಗ ತಾನೇ ಕೇಳಿದೀನಿ, ಅವರೇ ಕೊಡಿ ಅಂದಿದಾರೆ ಅಂದೆ. ಆಮೇಲೆ ಕೈ ಚಾಚಿದ್ರು."

ಅವಳು ಮಂಚದ ಕಂಬಿ ಹಿಡಿದಳು. ನೆಲ ಗಟ್ಟಿಯಾಗಿಯೇ ಇತ್ತು, ಬರಿಗಾಲಿಗೆ ತಣ್ಣಗಿತ್ತು. ಕೈ ಎಳೆದುಕೊಂಡವಳು ಮತ್ತೆ ಚಾಚಿದಳು. ಆ ಹೆಸರು ಹೇಳಬೇಡ ಎಂದರೂ, ಇಷ್ಟು ವರ್ಷ ಬಾಯಿಬಿಡದೆಯೇ, ಅಮ್ಮ ಅದನ್ನು ಇಟ್ಟುಕೊಂಡಿದ್ದಳು. ವಾರ್ಡಿನಲ್ಲಿ ಎಚ್ಚರವಾಗಿ, ಮಾತಾಡಬಲ್ಲವಳಾಗಿ ಮಲಗಿದ್ದವಳನ್ನು ಮೊದಲು ಕೇಳಬೇಕೆಂದು ನರ್ಸಿಗೂ ಹೊಳೆಯಲಿಲ್ಲ, ಡಾಕ್ಟರಿಗೂ ಹೊಳೆಯಲಿಲ್ಲ, ಮಗಳಿಗಂತೂ ಹೊಳೆಯಲೇ ಇಲ್ಲ.

ಅಮ್ಮ ಮುಸುಕನ್ನು ಒಂದು ಬದಿಗೆ ಎತ್ತಿದಳು. ನಾಲಿಗೆ ದಪ್ಪವಾಗಿ ಮಾತು ತೊದಲಿತು. "ನೀನು ಹೇಳಿದೀಯ ಅಂದ್ರು. ಹಾಗಾದ್ರೆ ನಾನೇ ಏನೋ ತಪ್ಪು ತಿಳ್ಕೊಂಡಿರ್ಬೇಕು ಅಂತ ಸುಮ್ಮನಾದೆ."

"ಅಮ್ಮಾ, ನನಗೆ ಗೊತ್ತಿರ್ಲಿಲ್ಲ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ನನಗೆ ನೆನಪೇ ಇರ್ಲಿಲ್ಲಮ್ಮಾ."

"ನಿನಗೆ ಗೊತ್ತಿಲ್ಲದೆ ಇರುತ್ತಾ" ಎಂದಳು ಅಮ್ಮ. ಅದು ಪ್ರಶ್ನೆಯಾಗಿರಲಿಲ್ಲ, ಸಮಾಧಾನವಾಗಿತ್ತು. "ಮೈ ಒಂದೊಂದು ದಿನ ಒಂದೊಂದು ಥರ. ನೀನು ಅಳ್ಬೇಡ, ಎಲ್ಲಾರೂ ನೋಡ್ತಾರೆ."

ತಾನು ಅಳುತ್ತಿರುವುದು ಅವಳಿಗೆ ಆಗ ಗೊತ್ತಾಯಿತು. ಕಂಬಿಯಿಂದ ಕೈ ತೆಗೆದು ಅಮ್ಮನ ಕೈ ಹಿಡಿದಳು. ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ ಆ ಕೈ ಕಾಲಿಗಿಂತ ಬಿಸಿಯಾಗಿತ್ತು, ಈ ಸಲ ಅವಳು ಬಿಡಲಿಲ್ಲ, ಆದರೆ ಅದರಿಂದ ಏನಾಗಬೇಕಿತ್ತು. ಅಮ್ಮ ಇವತ್ತೆಲ್ಲ ಬದುಕಿರುತ್ತಾಳೆ, ನಾಳೆಯೂ ಬದುಕಿರುತ್ತಾಳೆ, ಮನೆಗೂ ಹೋಗುತ್ತಾಳೆ. ತಮ್ಮನ ಹೆಂಡತಿ ಈಗ ಮೆಟ್ಟಿಲು ಹತ್ತಿ ಬರುತ್ತಾಳೆ, ಅವಳಿಗೆ ಹೇಳಬೇಕು. ಸಾಹೇಬರಿಗೂ ಹೇಳಬೇಕು. ಅದೆಲ್ಲ ಹೇಳಬಹುದಾದದ್ದು, ಬೈಯುತ್ತಾರೆ, ಕೆಲಸದಿಂದ ತೆಗೆದರೂ ತೆಗೆದಾರು. ತನ್ನನ್ನು ಅಮ್ಮನಷ್ಟು ನಂಬದವರಿಗೆ ಹೇಳುವುದು ಸುಲಭ.

ನರ್ಸು ಬೇರೆ ಔಷಧಿಯ ಸೀಸೆ ಹಿಡಿದು ಬಂದಳು. ಮಂಚದ ಪಕ್ಕದ ಕಂಪ್ಯೂಟರ್ ಪರದೆಯಲ್ಲಿ ಅಮ್ಮನ ಪುಟ ಈಗ ಚೆನ್ನಾಗಿ ತೆರೆದುಕೊಂಡಿತ್ತು. "ಮೇಡಂ, ಡಾಕ್ಟರು ಇದನ್ನ ಬರೆದಿದಾರೆ" ಎಂದಳು, ಹೆದರಿಕೊಂಡೇ. "ಹಾಕೋಕೆ ಮುಂಚೆ ಇನ್ನೊಂದು ಸಲ ಕೇಳ್ಬೇಕು. ಪೆನಿಸಿಲಿನ್ ಬಿಟ್ಟು ಇನ್ಯಾವುದಾದ್ರೂ ಆಗಲ್ವಾ ಇವರಿಗೆ?"

"ನನ್ನನ್ನ ಕೇಳ್ಬೇಡಿ" ಎಂದಳು. "ಅವರನ್ನೇ ಕೇಳಿ."

ನರ್ಸು ಅಮ್ಮನ ಕಿವಿಯ ಹತ್ತಿರ ಬಗ್ಗಿದಳು. "ಅಮ್ಮಾ, ನೀವೇ ಹೇಳಿ. ನಿಮಗೆ ಇನ್ಯಾವ ಔಷಧಿ ಆಗಲ್ಲ?"

ಅಮ್ಮ ಮುಸುಕನ್ನು ಮತ್ತೆ ಸರಿಸಿ ಬಾಯಿ ತೆರೆದಳು. ಏನೋ ಹೇಳಹೊರಟು ನಿಲ್ಲಿಸಿದಳು. ಆಮೇಲೆ ಬಾತ ರೆಪ್ಪೆಗಳನ್ನು ಕ್ಷಣ ಹೊತ್ತು ಕಷ್ಟಪಟ್ಟು ಅಗಲಿಸಿ, ಏನು ಹೇಳಲಿ ಎಂಬಂತೆ, ಮಗಳ ಮುಖ ನೋಡಿದಳು.